ಹೊರಬಂಡೆಯ ಹೊಸ ನಾರು

“ತಡಿ, ತಡಿ! ಬಿಚ್ಚಬೇಡ!”

ವಿಮೆ ಅಕ್ಕ ಕಿರುಚಿದ ರಭಸಕ್ಕೆ ಜರಡಿ ಮೇಡಂ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಬಂಡೆಯ ಬಿರುಕಿನಲ್ಲಿ ಟಣ್ಣೆಂದು ಬಿತ್ತು. ಅಲೆಯೊಂದು ಬಂದು ಇಬ್ಬರ ಮೊಣಕಾಲನ್ನೂ ನೆನೆಸಿ ಹೋಯಿತು. ಬಾಡಿಗೆ ದೋಣಿಯವನು ಏನಾಯಿತೋ ಎಂದು ಕತ್ತೆತ್ತಿ ನೋಡಿದ.

“ಅಕ್ಕಾ, ಹೀಗೆ ಕಿರುಚಿದ್ರೆ ನಾನೂ ಮೇಷ್ಟ್ರ ಹಿಂದೇನೇ ಹೋಗ್ತೀನಿ ಅಷ್ಟೆ,” ಎಂದಳು ಜರಡಿ ಮೇಡಂ, ಎದೆ ಹಿಡಿದುಕೊಂಡು.

“ಹೋಗೋದಿದ್ರೆ ಆಮೇಲೆ ಹೋಗು. ಮೊದಲು ಇದನ್ನ ನೋಡು. ಇದು ಇಷ್ಟು ಚೊಕ್ಕವಾಗಿ ಇರಬೇಕಾ?”

ಇದು ಎಂದರೆ ಒಂದು ನಾರು. ಅಡುಗೆಮನೆಯಲ್ಲಿ ಪಾತ್ರೆ ಉಜ್ಜುವ, ಯಾವ ಅಂಗಡಿಗೆ ಹೋದರೂ ಸಿಗುವ ಹಸಿರು ಪ್ಲಾಸ್ಟಿಕ್ ನಾರಿನ ಉಂಡೆ. ಹೊರಬಂಡೆಯ ಮೈಮೇಲೆ ಅಂಥವು ಅಲ್ಲೊಂದು ಇಲ್ಲೊಂದು, ಬಂಡೆ ಕೊರೆದು ಕೂರಿಸಿದ ಬೋಲ್ಟುಗಳಿಗೆ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿಸಿಕೊಂಡು ಕೂತಿದ್ದವು. ಮೊದಲ ಸಲ ನೋಡಿದಾಗ ವಿಮೆ ಅಕ್ಕ ಮೂಗಿನ ಮೇಲೆ ಬೆರಳಿಟ್ಟಿದ್ದಳು. ಸಮುದ್ರಕ್ಕೆ ಬಂದು ಪಾತ್ರೆ ತೊಳೆಯುವವರು ಯಾರಪ್ಪಾ ಎಂದು ಕೇಳಿ ನಗಿಸಿದ್ದಳು ಕೂಡ.

ಪಾತ್ರೆಯಲ್ಲ, ಮರಿ ಹಿಡಿಯುವುದಕ್ಕೆ. ಕಪ್ಪೆಚಿಪ್ಪಿನ ಮರಿ ಹುಟ್ಟಿದಾಗ ಕಣ್ಣಿಗೆ ಕಾಣದಷ್ಟು ಸಣ್ಣದು. ವಾರಗಟ್ಟಲೆ ನೀರಿನಲ್ಲಿ ಗೊತ್ತುಗುರಿಯಿಲ್ಲದೆ ತೇಲುತ್ತದೆ. ಆಮೇಲೆ ಒಂದು ದಿನ ಸಾಕಪ್ಪಾ ಈ ಅಲೆದಾಟ ಎಂದು ಸಿಕ್ಕಿದ ಎಳೆಯನ್ನು ಹಿಡಿದು ಕೂತುಬಿಡುತ್ತದೆ. ನಾರು ಸಿಕ್ಕಿದರಂತೂ ಅದಕ್ಕೆ ಹಬ್ಬ. ನಾರನ್ನು ಬಿಚ್ಚಿ ತಂದು ತೊಳೆದು ಎಣಿಸಿದರೆ ಆ ಬಂಡೆಯಲ್ಲಿ ಎಷ್ಟು ಹೊಸ ಸಂಸಾರ ಬಂದಿಳಿದಿದೆ ಎಂದು ಗೊತ್ತಾಗುತ್ತದೆ. ಇದನ್ನು ಚಿಪ್ಪು ಮೇಷ್ಟ್ರು ತಲೆಗೂದಲು ಕಪ್ಪಗಿದ್ದಾಗಿನಿಂದ ಮಾಡಿಕೊಂಡು ಬಂದಿದ್ದರು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸಮುದ್ರ ದೂರ ಸರಿದು ದೊಡ್ಡ ಇಳಿತ ಬಂತೆಂದರೆ ಮೇಷ್ಟ್ರು ಹೊರಬಂಡೆಯಲ್ಲಿ. ಹಳೆ ನಾರು ತೆಗಿ, ಹೊಸ ನಾರು ಕಟ್ಟು. ಜ್ವರ ಬಂದರೂ ಅಷ್ಟೆ, ಮಗಳ ಮದುವೆಯಾದರೂ ಅಷ್ಟೆ, ಎಣಿಕೆಯ ಸರಣಿ ಮಾತ್ರ ತಪ್ಪಕೂಡದು.

ಕಳೆದ ಹುಣ್ಣಿಮೆಯ ಇಳಿತಕ್ಕೆ ಹೋದ ಆ ಮೇಷ್ಟ್ರು ಮನೆಗೆ ಮರಳಲಿಲ್ಲ. ಬಂಡೆಯ ಮೇಲೆ ಅವರ ಚೀಲ, ಒಂಟಿ ಚಪ್ಪಲಿ ಸಿಕ್ಕಿದವು. ಅವರನ್ನು ಕರೆದುಕೊಂಡು ಹೋದ ದೋಣಿಯವನು ಮೇಷ್ಟ್ರನ್ನು ನೀರಿಗೆ ತಳ್ಳಿದ್ದಾನೆ ಎಂದು ಪೊಲೀಸರು ಒಳಗೆ ಹಾಕಿದ್ದರು. ಆ ದೋಣಿಯವನು ವಿಮೆ ಅಕ್ಕನ ಸ್ವಂತ ಮೈದುನ. ನಾಳಿದ್ದು ಅವನನ್ನು ಕೊಲೆಯ ಆರೋಪ ಹೊರಿಸಿ ಕೋರ್ಟಿಗೆ ಒಪ್ಪಿಸುವವರಿದ್ದರು.

ವಿಮೆ ಅಕ್ಕ ಪೊಲೀಸೂ ಅಲ್ಲ, ಪತ್ತೇದಾರಳೂ ಅಲ್ಲ. ಸುಟ್ಟ ಅಂಗಡಿ, ಮುಳುಗಿದ ಲಾಂಚು ಇವೆಲ್ಲ ನಿಜವಾಗಿ ಸುಟ್ಟವೋ ಮುಳುಗಿದವೋ ಎಂದು ನೋಡಿ ಬರುವ ಕೆಲಸವನ್ನು ವಿಮಾ ಕಂಪನಿಗೆ ಮಾಡಿಕೊಟ್ಟವಳು. ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ, ಅನುಮಾನದ ಕಣ್ಣೂ ಬಿಡಲಿಲ್ಲ. ಮನೆಯಲ್ಲಿ ಅತ್ತೆ ಅನ್ನ ನೀರು ಬಿಟ್ಟು, “ನನ್ನ ಮಗನ್ನ ಕರ್ಕೊಂಡು ಬಾ, ಇಲ್ಲಾಂದ್ರೆ ನೀನೂ ಬರಬೇಡ” ಎಂದು ಹಟ ಹಿಡಿದು ಕೂತಿದ್ದಳು.

“ಹೇಳು,” ಎಂದಳು ಅಕ್ಕ ಜರಡಿ ಮೇಡಂಗೆ. ಮೇಷ್ಟ್ರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಈ ಹುಡುಗಿ ಹೊತ್ತು ಹೊತ್ತಿಗೂ ಏನನ್ನಾದರೂ ಸೋಸುತ್ತಲೇ ಇರುವವಳಾದ್ದರಿಂದ ಆ ಹೆಸರು. “ಮೇಷ್ಟ್ರು ಕಾಣೆಯಾದ ಮೇಲೆ ಇದನ್ನ ಯಾರಾದ್ರೂ ಮುಟ್ಟಿದ್ದಾರಾ?”

“ಯಾರು ಮುಟ್ತಾರೆ? ಪೊಲೀಸರು ಈ ಕಡೆ ತಲೆ ಹಾಕೋಕೂ ಬಿಡ್ಲಿಲ್ಲ. ಅಮಾವಾಸ್ಯೆಗೆ ಬರಬೇಕು ಅಂತ ಕಾಲಿಗೆ ಬಿದ್ದೆ. ನಮ್ಮ ಕೇಂದ್ರದ ದೊಡ್ಡೋರೂ ಬೇಡ ಅಂದ್ರು. ಇವತ್ತು ನಿಮ್ಮ ಕಾಟ ತಡೀಲಾರದೆ ಬಿಟ್ಟಿದ್ದಾರೆ.”

“ಅಂದ್ರೆ ಮೇಷ್ಟ್ರು ಆವತ್ತು ಕಟ್ಟಿದ ನಾರೇ ಇದು, ತಿಂಗಳಾಯ್ತು. ಕೆಸರಿಲ್ಲ, ಪಾಚಿಯಿಲ್ಲ. ನಮ್ಮನೆ ಸಿಂಕಿನ ನಾರೂ ಇಷ್ಟು ಚೆನ್ನಾಗಿಲ್ಲವಲ್ಲೇ.”

ಜರಡಿ ಮೇಡಂ ಬಗ್ಗಿ ನೋಡಿದಳು. ಹಣೆಯಲ್ಲಿ ಗೆರೆ ಮೂಡಿತು. “ಅಲೆ ತೊಳೆದಿರಬಹುದು,” ಎಂದಳು. ಹೇಳಿದವಳಿಗೇ ಅದರಲ್ಲಿ ನಂಬಿಕೆ ಇದ್ದಂತಿರಲಿಲ್ಲ.

“ಇರಬಹುದು. ಎಲ್ಲವನ್ನೂ ಬಿಚ್ಚು. ಕಟ್ಟಿದ ಪಟ್ಟಿ ಸಮೇತ, ಒಂದೊಂದನ್ನೂ ಬೇರೆ ಬೇರೆ ಕವರಿಗೆ ಹಾಕು. ಪಕ್ಕದ ಬಂಡೆಯಿಂದ ಒಂದು ಹಿಡಿ ಚಿಪ್ಪನ್ನೂ ಕೆರೆದುಕೊ.”

ಬಿಚ್ಚಿದ ಜಾಗದಲ್ಲಿ ಜರಡಿ ಮೇಡಂ ಹೊಸ ನಾರು ಕಟ್ಟಿದಳು. ಮೇಷ್ಟ್ರು ಹೋದರೂ ಸರಣಿ ಹೋಗಬಾರದಲ್ಲ. ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿದು, ಉಳಿದ ಬಾಲವನ್ನು ಕಟಿಂಗ್ ಪ್ಲೇಯರಿನಿಂದ ಕಟ್ ಎನಿಸಿದಳು. ವಿಮೆ ಅಕ್ಕ ಎಲ್ಲವನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು.

*

ಸಂಶೋಧನಾ ಕೇಂದ್ರದ ಪ್ರಯೋಗಾಲಯದಲ್ಲಿ ಬ್ಲೀಚಿನ ವಾಸನೆ ಮೂಗಿಗೆ ಅಡರುತ್ತಿತ್ತು. ಒಂದು ಉದ್ದನೆಯ ಮೇಜು, ಎರಡು ಸಿಂಕು, ಗೋಡೆಗೆ ಆತು ನಿಂತ ಜರಡಿಗಳ ಸಾಲು. ಮೂಲೆಯ ಫ್ರಿಜ್ಜಿನ ಮೇಲೆ ‘ದಯವಿಟ್ಟು ಊಟದ ಡಬ್ಬಿ ಇಡಬೇಡಿ’ ಎಂಬ ಚೀಟಿ, ಅದರ ಕೆಳಗೇ ಯಾರದೋ ಊಟದ ಡಬ್ಬಿ.

ಜರಡಿ ಮೇಡಂ ಒಂದು ನಾರನ್ನು ಬ್ಲೀಚು ಬೆರೆಸಿದ ನೀರಿನಲ್ಲಿ ಅದ್ದಿ ಕುಲುಕಿದಳು. ಮರಿಗಳು ನಾರನ್ನು ಹಿಡಿದುಕೊಂಡ ಸಣ್ಣ ಸಣ್ಣ ಎಳೆಗಳು ಅದರಲ್ಲಿ ಕರಗಿ, ಮರಿಗಳು ಉದುರುತ್ತವಂತೆ. ಆ ನೀರನ್ನು ಜರಡಿಯಿಂದ ಜರಡಿಗೆ ಸುರಿದು ಸೋಸಿ, ಕೊನೆಗೆ ಉಳಿದದ್ದನ್ನು ಗಾಜಿನ ತಟ್ಟೆಗೆ ತೊಳೆದು ಬಿಟ್ಟಳು.

“ಇದರಲ್ಲಿ ಏನೂ ಇಲ್ಲವಲ್ಲೇ, ನೀರು ಬಿಟ್ರೆ,” ಎಂದಳು ಅಕ್ಕ.

“ಇಲ್ಲಿ ಕಣ್ಣಿಡಿ.”

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ವಿಮೆ ಅಕ್ಕ, “ಅಯ್ಯೋ ಶಿವನೇ!” ಎಂದಳು. ನೀರಲ್ಲ, ಅದೊಂದು ಜಾತ್ರೆ. ಉಗುರಿನಷ್ಟು ತೆಳ್ಳಗೆ, ಬೆಳಕು ಹಾಯುವಂಥ ಪುಟ್ಟ ಪುಟ್ಟ ಚಿಪ್ಪುಗಳು. ಎರಡು ಬಾಗಿಲು, ನಡುವೆ ಒಂದು ಕೀಲು, ದೊಡ್ಡ ಚಿಪ್ಪಿಗಿರುವ ಸಕಲವೂ ಅದಕ್ಕೂ ಇತ್ತು. ಅವಳು ಬಂದ ಕೆಲಸವನ್ನೇ ಮರೆತು ಸ್ವಲ್ಪ ಹೊತ್ತು ಅದರಲ್ಲೇ ಮುಳುಗಿಹೋದಳು. ಲಾಕಪ್ಪಿನಲ್ಲಿ ಕೂತ ಮೈದುನ ನೆನಪಾದದ್ದೇ ತನ್ನ ಮೇಲೆ ತನಗೇ ಸಿಟ್ಟು ಬಂತು.

“ಎಲ್ಲಾ ಒಂದೇ ಸೈಜಿಗಿವೆ, ಅಲ್ವಾ?”

ಜರಡಿ ಮೇಡಂ ಅಕ್ಕನನ್ನು ಪಕ್ಕಕ್ಕೆ ಸರಿಸಿ ತಾನೇ ನೋಡಿದಳು. ಎರಡನೆಯ ನಾರು ಸೋಸಿದಳು. ಮೂರನೆಯದನ್ನೂ ಸೋಸಿದಳು. ಕೈ ಬೇಗ ಬೇಗ ಆಡತೊಡಗಿತು.

“ಏನಾಯ್ತು? ಬಾಯಿ ಬಿಡು ತಾಯಿ.”

“ಅಕ್ಕಾ, ಹುಣ್ಣಿಮೆಯಿಂದ ಹುಣ್ಣಿಮೆವರೆಗೆ ಇದ್ದ ನಾರಲ್ಲಿ ಎಲ್ಲಾ ಥರದವೂ ಇರಬೇಕು. ಮೊದಲು ಬಂದು ಕೂತವು ಈ ಹೊತ್ತಿಗೆ ಗಸಗಸೆಯಷ್ಟಾದ್ರೂ ದಪ್ಪ ಆಗಿರ್ತವೆ, ಬರಿಗಣ್ಣಿಗೆ ಕಾಣ್ತವೆ. ನಿನ್ನೆ ಮೊನ್ನೆ ಬಂದವು ಧೂಳಿನ ಹಾಗಿರ್ತವೆ. ಇಲ್ಲಿ ಒಂದೂ ಗಸಗಸೆ ಇಲ್ಲ. ಬರೀ ಧೂಳು.”

“ದೊಡ್ಡವನ್ನ ಅಲೆ ಕೊಚ್ಚಿಕೊಂಡು ಹೋಗಿದ್ರೆ?”

“ದೊಡ್ಡದು ಇನ್ನೂ ಗಟ್ಟಿಯಾಗಿ ಹಿಡ್ಕೊಂಡಿರುತ್ತೆ. ಸಣ್ಣದನ್ನ ಬಿಟ್ಟು ದೊಡ್ಡದನ್ನೇ ಆರಿಸಿಕೊಂಡು ಹೋಗೋ ಅಲೆ ಎಲ್ಲಿದೆ?”

ಬಂಡೆಯಿಂದ ಕೆರೆದು ತಂದ ಹಿಡಿ ಚಿಪ್ಪನ್ನು ತಟ್ಟೆಯಲ್ಲಿ ಹರಡಿದರು. ಅದರಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಇಡೀ ಮನೆತನವೇ ಇತ್ತು. ಗೇಣು ದೂರದಲ್ಲಿದ್ದ ನಾರಿನಲ್ಲಿ ಮಾತ್ರ ಬರೀ ಹಸುಗೂಸುಗಳು.

ವಿಮೆ ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಮೈಯಲ್ಲಿ ಏನೋ ಹರಿದಾಡಿದಂತಾಯಿತು. ಸುಟ್ಟ ಅಂಗಡಿಯ ಬೂದಿಯಲ್ಲಿ ಸುಡದ ಬೀಗ ಸಿಕ್ಕಿದಾಗ ಆಗುತ್ತಿದ್ದ ಸಂತೋಷ ಅದು.

“ಹಾಗಾದ್ರೆ ಈ ನಾರು ಮೇಷ್ಟ್ರು ಆವತ್ತು ಕಟ್ಟಿದ್ದಲ್ಲ. ನಡುವೆ ಯಾರೋ ಹೋಗಿ ಹಳೇದು ಬಿಚ್ಚಿ ಹೊಸದು ಕಟ್ಟಿದ್ದಾರೆ. ಯಾವಾಗ?”

“ನಡುವೆ ಬಂಡೆ ನೀರಿಂದ ಮೇಲೆದ್ದಿದ್ದು ಅಮಾವಾಸ್ಯೆ ಇಳಿತಕ್ಕೆ ಮಾತ್ರ. ಮರಿಗಳ ಸೈಜೂ ಅದಕ್ಕೇ ಹೊಂದುತ್ತೆ.”

“ಅಮಾವಾಸ್ಯೆಗೆ ನನ್ನ ಮೈದುನ ಲಾಕಪ್ಪಲ್ಲಿ ಸೊಳ್ಳೆ ಹೊಡೀತಾ ಕೂತಿದ್ದ.” ಅಕ್ಕ ಮುಂದಕ್ಕೆ ಬಾಗಿದಳು. “ಈ ಊರಲ್ಲಿ ನಾರು ಬದಲಾಯಿಸೋಕೆ ಬರೋದು ಯಾರ್ ಯಾರಿಗೆ?”

“ಮೇಷ್ಟ್ರಿಗೆ, ನನಗೆ. ದೊಡ್ಡೋರಿಗೂ ಬರುತ್ತೆ, ಆದ್ರೆ ಅವರು ನಿರ್ದೇಶಕರಾದ ಮೇಲೆ ಕಾಲು ಒದ್ದೆ ಮಾಡ್ಕೊಂಡಿದ್ದೇ ಇಲ್ಲ.” ಇಷ್ಟು ಹೇಳಿ ಜರಡಿ ಮೇಡಂ ತಟ್ಟನೆ ನಿಂತಳು. ಅಕ್ಕನ ಕಣ್ಣು ತನ್ನ ಮೇಲೆ ನೆಟ್ಟಿರುವುದು ಈಗ ಅವಳಿಗೆ ಕಂಡಿತು. “ಏನಕ್ಕಾ? ಹಾಗ್ಯಾಕೆ ನೋಡ್ತೀರ?”

“ಕದ್ದು ಹೋಗಿದ್ದೆ ಅಂತ ಒಪ್ಕೊಂಡುಬಿಡು. ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ಹೋದಾಗ ಅಲ್ಲಿ ಏನು ನೋಡಿದೆ, ಏನು ಎತ್ತಿಕೊಂಡು ಬಂದೆ, ಅದನ್ನ ಹೇಳು.”

“ನಾನು ಹೋಗಿಲ್ಲ!”

“ಸರಣಿ ತಪ್ಪುತ್ತೆ ಅಂತ ಅತ್ತವಳು ನೀನು. ಪೊಲೀಸರ ಕಾಲಿಗೆ ಬಿದ್ದವಳು ನೀನು. ಇವತ್ತು ನಾರು ಚೊಕ್ಕ ಇದೆ ಅಂದ ತಕ್ಷಣ ಅಲೆ ತೊಳೆದಿದೆ ಅಂತ ಕಥೆ ಕಟ್ಟಿದವಳೂ ನೀನೇ.”

“ಕಥೆ ಕಟ್ಟೋಳಾಗಿದ್ರೆ ಈ ತಟ್ಟೆ ನಿಮಗೆ ಯಾಕೆ ತೋರಿಸ್ತಿದ್ದೆ?” ಜರಡಿ ಮೇಡಂ ಕೆಂಪಾದಳು. ಅಳುವೂ ಸಿಟ್ಟೂ ಒಟ್ಟಿಗೇ ಬಂದವು. “ಎಲ್ಲಾ ಸರಿಯಾಗಿದೆ, ತಿಂಗಳ ಹಳೆಯ ನಾರೇ ಇದು ಅಂತ ಹೇಳಿ ಸಿಂಕಿಗೆ ಚೆಲ್ಲಿದ್ರೆ ನಿಮಗೆ ಗೊತ್ತಾಗ್ತಿತ್ತಾ? ನಿಮ್ಮ ಮೈದುನ ಒಳಗೇ ಕೊಳೀತಿದ್ದ!”

ಅದೂ ನಿಜವೇ. ಆದರೆ ವಿಮೆ ಅಕ್ಕನೇನು ಸೋಲೊಪ್ಪುವ ಹೆಂಗಸಲ್ಲ.

“ಸರಿ, ನೀನಲ್ಲ. ಹಾಗಾದ್ರೆ ನೀನೇ ಹೇಳು. ಒಬ್ಬ ಮನುಷ್ಯ, ಪೊಲೀಸರ ಕಣ್ಣು ತಪ್ಪಿಸಿ, ಪ್ರಾಣ ಪಣಕ್ಕಿಟ್ಟು ಆ ಬಂಡೆಗೆ ಹೋಗ್ತಾನೆ. ಕದಿಯೋಕಲ್ಲ, ಏನನ್ನೋ ಮುಚ್ಚಿಡೋಕೂ ಅಲ್ಲ. ಪಾತ್ರೆ ಉಜ್ಜೋ ನಾರು ಬದಲಾಯಿಸೋಕೆ! ಆ ನಾರು ಈ ಲೋಕದಲ್ಲಿ ಇನ್ಯಾರಿಗೆ ಬೇಕು?”

ಕೇಳಿದ ಪ್ರಶ್ನೆಗೆ ಉತ್ತರ ಕೇಳಿದವಳ ಬಾಯಲ್ಲೇ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“ಛೇ, ಇಲ್ಲ,” ಎಂದಳು ಜರಡಿ ಮೇಡಂ ಪಿಸುದನಿಯಲ್ಲಿ. ಆಮೇಲೆ ಒಮ್ಮೆಲೇ ಕವರುಗಳ ಮೇಲೆ ಬಿದ್ದು, ನಾರು ಕಟ್ಟಿದ್ದ ಪಟ್ಟಿಗಳನ್ನು ಮೇಜಿನ ಮೇಲೆ ಸುರಿದಳು. ಒಂದನ್ನು ಎತ್ತಿ ದೀಪಕ್ಕೆ ಹಿಡಿದಳು. “ಅಕ್ಕಾ, ಇದರ ತುದಿ ನೋಡಿ.”

ತುದಿ ನೇರವಾಗಿರಲಿಲ್ಲ. ಜಜ್ಜಿ, ಎಳೆದು, ಹರಿದಿತ್ತು. ಜಜ್ಜಿದ ಕಡೆ ಎರಡು ಗುಳಿ, ನಡುವೆ ಒಂದು ಸಂದು.

“ಇಲಿ ಕಡಿದ ಹಾಗಿದೆ.”

“ಇಲಿ ಅಲ್ಲ, ಮೇಷ್ಟ್ರು! ಪ್ಲೇಯರ್ ಜೇಬಲ್ಲೇ ಇರುತ್ತೆ, ತೆಗೆಯೋಕೆ ಸೋಮಾರಿತನ. ಹಲ್ಲಲ್ಲೇ ಕಚ್ಚಿ ಕಿತ್ತು ಉಗೀತಾರೆ. ಮುಂದಿನ ಹಲ್ಲು ಮುರ್ಕೋತೀರ ಸಾರ್ ಅಂತ ಬೈದು ಬೈದು ಸಾಕಾಗಿದೆ ನನಗೆ.”

“ನೀನೂ ಕಚ್ಚಿರಬಹುದಲ್ಲ?” ಅನುಮಾನ ಅಕ್ಕನ ಹುಟ್ಟುಗುಣ.

ಜರಡಿ ಮೇಡಂ ಬಾಯಿ ಅಗಲಿಸಿ ‘ಈ’ ಎಂದು ಹಲ್ಲು ತೋರಿಸಿದಳು. ಹಲ್ಲಿನ ಸಾಲಿಗೆ ಈ ಕೊನೆಯಿಂದ ಆ ಕೊನೆಗೆ ತಂತಿ ಬಿಗಿದಿತ್ತು. “ಇದನ್ನ ಹಾಕಿಸಿಕೊಂಡ ಮೇಲೆ ಸೇಬು ಕಚ್ಚೋಕೂ ಆಗಲ್ಲ ನನಗೆ. ಪ್ಲಾಸ್ಟಿಕ್ ಕಚ್ತೀನಾ?”

ಫ್ರೀಜರಿನಲ್ಲಿ ಮೇಷ್ಟ್ರು ಹಿಂದೆ ತಂದಿಟ್ಟಿದ್ದ ಹಳೆಯ ನಾರುಗಳು ಪಟ್ಟಿಯ ಸಮೇತ ಹಾಗೇ ಇದ್ದವು. ತೆಗೆದು ಪಕ್ಕದಲ್ಲಿಟ್ಟು ನೋಡಿದರು. ಅದೇ ಜಜ್ಜು, ಅದೇ ಎರಡು ಗುಳಿ, ನಡುವೆ ಅದೇ ಸಂದು. ಮೇಷ್ಟ್ರ ಎರಡು ಮುಂದಿನ ಹಲ್ಲುಗಳ ನಡುವೆ ಅಕ್ಕಿಕಾಳು ತೂರಿಸಬಹುದಾದಷ್ಟು ಜಾಗವಿತ್ತೆಂದು ಊರಿಗೆಲ್ಲ ಗೊತ್ತು.

ವಿಮೆ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಎಂಥಾ ಮನುಷ್ಯ! ಹೆಂಡತಿಯನ್ನು ಬಿಟ್ಟ, ಮನೆ ಬಿಟ್ಟ, ಸತ್ತೆ ಎಂದು ಊರನ್ನೇ ನಂಬಿಸಿದ. ನಾರನ್ನು ಮಾತ್ರ ಬಿಡಲಾಗಲಿಲ್ಲ! ಅಮಾವಾಸ್ಯೆ ಬಂತು, ಇಳಿತ ಬಂತು, ಕೈ ಕೇಳಲಿಲ್ಲ. ಸತ್ತವನು ಎದ್ದು ಬಂದು ಸರಣಿ ಕಾಪಾಡಿ ಹೋಗಿದ್ದ.

“ಬದುಕಿದ್ದಾರೆ ಅಕ್ಕಾ, ಬದುಕಿದ್ದಾರೆ!” ಜರಡಿ ಮೇಡಂ ಅಕ್ಕನನ್ನು ತಬ್ಬಿಕೊಂಡು ಅತ್ತಳು. ಬ್ಲೀಚಿನ ಕೈಯನ್ನು ಅಕ್ಕನ ಸೀರೆಗೇ ಒರೆಸಿದಳು.

“ಏನ್ರಮ್ಮಾ, ನಗು ಅಳು ಎರಡೂ ಒಟ್ಟಿಗೆ ಕೇಳಿಸ್ತಿದೆ?”

ಬಾಗಿಲಲ್ಲಿ ದೊಡ್ಡೋರು ನಿಂತಿದ್ದರು. ಕೈಯಲ್ಲಿ ಟ್ರೇ, ಟ್ರೇಯಲ್ಲಿ ಮೂರು ಲೋಟ ಟೀ. ಕೇಂದ್ರದ ನಿರ್ದೇಶಕರಾಗಿಯೂ ಟೀಯನ್ನು ತಾವೇ ತಂದುಕೊಡುವ ಮನುಷ್ಯ. ಊರೆಲ್ಲ ಮೈದುನನನ್ನು ಕೊಲೆಗಾರ ಎಂದಾಗ ವಿಮೆ ಅಕ್ಕನನ್ನು ಕೂರಿಸಿ ಸಮಾಧಾನ ಹೇಳಿದವರು ಇವರೊಬ್ಬರೇ. ಮೇಷ್ಟ್ರ ಸಂತಾಪ ಸಭೆಯಲ್ಲಿ ಮಾತು ಮುಗಿಸಲಾಗದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡವರೂ ಇವರೇ.

ವಿಮೆ ಅಕ್ಕನದೊಂದು ದೌರ್ಬಲ್ಯ. ಲೆಕ್ಕ ಕೂಡಿಬಂದಾಗ ಅವಳ ಬಾಯಿ ಅವಳ ಮಾತು ಕೇಳುವುದಿಲ್ಲ. ಧೂಳಿನಂಥ ಮರಿ, ಸಿಗದ ಗಸಗಸೆ, ಕಚ್ಚಿದ ಪಟ್ಟಿ, ಎಲ್ಲವನ್ನೂ ಉಪ್ಪು ಖಾರ ಹಚ್ಚಿ ಬಡಿಸಿದಳು. ದೊಡ್ಡೋರು ಟ್ರೇ ಕೆಳಗಿಡುವುದನ್ನೂ ಮರೆತು ಕೇಳಿದರು.

“ಅಬ್ಬಾ! ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು ಕಣಮ್ಮಾ,” ಎಂದರು ಕೊನೆಗೆ. “ಆದ್ರೆ ಬಂಡೆಗೆ ಹೋಗಿದ್ದು ಹೇಗೆ? ಈ ದಡದಿಂದ ದೋಣಿ ಬೇಕು. ಯಾವ ದೋಣಿಯವನೂ ಕರ್ಕೊಂಡು ಹೋಗಿಲ್ಲ ಅಂತ ಪೊಲೀಸರೇ ಹೇಳ್ತಾರೆ.”

“ಈ ದಡದಿಂದ ಬೇಕು ಸಾರ್. ಆಚೆ ದಡದಿಂದ ಬೇಡ. ಬಾಡಿಗೆ ದೋಣಿಯವನು ಬೆಳಿಗ್ಗೆ ಹೇಳ್ತಿದ್ದ, ಇಳಿತ ಪೂರ್ತಿ ಬಂದಾಗ ಆಚೆ ಕಡೆಯ ಕಲ್ಲುಗಳು ಮೇಲೇಳ್ತವಂತೆ. ಮೊಣಕಾಲುದ್ದ ನೀರಲ್ಲಿ ನಡ್ಕೊಂಡೇ ಬರಬಹುದು.”

“ಓಹೋ. ಇವತ್ತು ಹಾಗೆ ಬರೋಕೆ ಆಗ್ತಿತ್ತಾ?”

“ಇವತ್ತು ಅಷ್ಟು ಇಳೀಲಿಲ್ಲ. ನಾಳೆ ಬೆಳಿಗ್ಗೆ ಪೂರ್ತಿ ಇಳಿಯುತ್ತೆ. ಬರೆದಿಟ್ಟುಕೊಳ್ಳಿ ಸಾರ್, ನಾಳೆ ಬೆಳಿಗ್ಗೆ ಮೇಷ್ಟ್ರು ಆ ಕಲ್ಲುಗಳ ಮೇಲೆ ನಡ್ಕೊಂಡು ಬಂದೇ ಬರ್ತಾರೆ. ನಾರು ಕರೆದ್ರೆ ಅವರಿಗೆ ನಿಲ್ಲೋಕಾಗಲ್ಲ.”

ದೊಡ್ಡೋರು ತಲೆಯಾಡಿಸಿ ನಕ್ಕರು. ಪಟ್ಟಿಗಳನ್ನು ಹಳೆಯವು ಹೊಸವು ಎಂದು ಬೇರೆ ಬೇರೆಯಾಗಿ ಎರಡು ಡಬ್ಬಿಗೆ ಹಾಕಿ, ತಮ್ಮ ಜೇಬಿಗಿಳಿಸಿದರು. “ಇನ್ಸ್‌ಪೆಕ್ಟರಿಗೆ ನಾನೇ ಈಗಲೇ ಫೋನ್ ಮಾಡ್ತೀನಿ, ಇದನ್ನೂ ತಲುಪಿಸ್ತೀನಿ. ನೀವು ಹೇಳಿದ್ರೆ ಅತ್ತಿಗೆ ಮಾತು ಅಂತಾರೆ, ನಾನು ಹೇಳಿದ್ರೆ ಸಾಕ್ಷಿ ಅಂತಾರೆ. ಆ ತಟ್ಟೆಗಳನ್ನ ನಾನು ನೋಡ್ಕೋತೀನಿ. ಮೊದಲು ಹೋಗಿ ಮೈದುನನ ಮುಖ ನೋಡಿಕೊಂಡು ಬನ್ನಿ. ನಮ್ಮ ಜೀಪಲ್ಲೇ ಹೋಗಿ.”

ಆ ದೊಡ್ಡ ಮನಸ್ಸಿಗೆ ಅಕ್ಕನ ಕಣ್ಣು ತುಂಬಿಬಂತು.

*

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕಡತಕ್ಕೆ ದಾರ ಪೋಣಿಸುತ್ತಾ ಕೂತಿದ್ದರು.

“ಫೋನಾ? ಯಾರದೂ ಬಂದಿಲ್ಲವಲ್ಲ.”

“ಬರುತ್ತೆ ಸಾರ್, ಬರುತ್ತೆ. ನೀವು ಆ ದಾರ ಬಿಚ್ಚೋಕೆ ಶುರು ಮಾಡಿ,” ಎಂದು ವಿಮೆ ಅಕ್ಕ ಒಳಗೆ ನಡೆದಳು. ಹುಮ್ಮಸ್ಸಿನಲ್ಲಿ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮೈದುನ ಗೋಡೆಗೊರಗಿ ಕೂತಿದ್ದ. ಗಡ್ಡ ಬೆಳೆದಿತ್ತು. ಅತ್ತಿಗೆಯನ್ನು ನೋಡಿದ್ದೇ ಎದ್ದು ಸರಳಿನ ಹತ್ತಿರ ಬಂದ. “ಅಮ್ಮ ಊಟ ಮಾಡಿದ್ಲಾ?” ಎಂದ. ದಿನಾ ಕೇಳುವ ಮೊದಲ ಮಾತೇ ಅದು.

“ಇವತ್ತು ಮಾಡ್ತಾಳೆ. ನಿನ್ನ ಜೊತೆ ಕೂತು ಮಾಡ್ತಾಳೆ. ಲೋ ಪೆದ್ದ, ಕುಣಿ! ನಿನ್ನ ಮೇಷ್ಟ್ರು ಬದುಕಿದ್ದಾರೆ.”

ಅವನು ಕುಣಿಯಲಿಲ್ಲ. ಮುಖ ಬಿಳಿಚಿಕೊಂಡಿತು. ಅಕ್ಕನ ಹಿಂದಿನ ಬಾಗಿಲ ಕಡೆ ಒಮ್ಮೆ ನೋಡಿ, “ಮೆಲ್ಲಗೆ ಮಾತಾಡಿ ಅತ್ತಿಗೆ,” ಎಂದ.

ವಿಮೆ ಅಕ್ಕನ ನಗು ಮುಖದಲ್ಲೇ ಒಣಗಿತು. “ನಿನಗೆ ಗೊತ್ತಿತ್ತಾ?”

ಅವನು ನೆಲ ನೋಡಿದ. “ನಾನೇ ಅವರನ್ನ ಆಚೆ ದಡಕ್ಕೆ ಬಿಟ್ಟು ಬಂದಿದ್ದು.”

“ಅಯ್ಯೋ ನಿನ್ನ! ಅಲ್ಲಿ ನಿಮ್ಮಮ್ಮ ಅನ್ನ ಬಿಟ್ಟು ಕೂತಿದ್ದಾಳೆ. ನಾನು ಬಂಡೆ ಬಂಡೆ ಹತ್ತಿ ಮಂಡಿ ಕೆತ್ತಿಸ್ಕೊಂಡು ಅಲೀತಿದ್ದೀನಿ. ನೀನಿಲ್ಲಿ ಬಾಯಿಗೆ ಬೀಗ ಹಾಕ್ಕೊಂಡು…” ಸರಳಿನ ಒಳಗೆ ಕೈ ತೂರಿ ಅವನ ತೋಳಿಗೆ ರಪ್ಪನೆ ಒಂದು ಬಿಟ್ಟಳು. “ಯಾಕೋ? ಅವರೇನು ನಿನಗೆ ಅಪ್ಪನಾ?”

“ನನ್ನನ್ನ ಹಿಡೀತಾರೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹಿಡಿದ ಮೇಲೆ ಬಾಯಿ ಬಿಟ್ರೆ ಅವರ ಜೀವ ಹೋಗುತ್ತೆ, ಬಿಡದಿದ್ರೆ ನನ್ನದು ಬರೀ ಜೈಲು. ಏನು ಮಾಡ್ಲಿ?” ಅವನು ಸರಳಿಗೆ ಹಣೆ ತಾಗಿಸಿದ. “ಹೊರಬಂಡೆ ಒಡೆದು ಲಾಂಚು ನಿಲ್ಲೋ ಧಕ್ಕೆ ಕಟ್ಟೋಕೆ ಹೊರಟಿದ್ದಾರಲ್ಲ, ಅದಕ್ಕೆ ಅಲ್ಲಿ ಮರಿಗಳೇ ಕೂರಲ್ಲ, ಅದು ಸತ್ತ ಬಂಡೆ ಅಂತ ಮೇಷ್ಟ್ರು ಬರ್ಕೊಡಬೇಕಿತ್ತು. ಅವರು ಆಗಲ್ಲ ಅಂದ್ರು. ಆಮೇಲೆ ಒಂದು ಸಲ ಅವರು ಒಬ್ಬರೇ ದೋಣಿ ಹುಟ್ಟು ಹಾಕ್ಕೊಂಡು ಬಂಡೆಗೆ ಹೋಗಿದ್ದಾಗ, ದೋಣಿ ಕಟ್ಟಿದ್ದ ಹಗ್ಗ ಯಾರೋ ಕೊಯ್ದುಬಿಟ್ಟಿದ್ರು. ನೀರು ಕುತ್ತಿಗೆಗೆ ಬಂದಿತ್ತು ಅತ್ತಿಗೆ. ನಾನು ಆ ಕಡೆ ಹಾದು ಹೋಗದೇ ಇದ್ದಿದ್ರೆ ಅವತ್ತೇ ಮುಗೀತಿತ್ತು. ಹಗ್ಗ ಕೊಯ್ದು ವಾಪಸ್ ಹೋಗ್ತಿದ್ದ ದೋಣಿಯಲ್ಲಿ ಯಾರಿದ್ರು ಅಂತ ಮೇಷ್ಟ್ರು ಕಣ್ಣಾರೆ ನೋಡಿದ್ದಾರೆ.”

“ಅದನ್ನ ಇನ್ಸ್‌ಪೆಕ್ಟರಿಗೆ ಹೇಳೋಕೇನಾಗಿತ್ತು ನಿನಗೆ?”

“ಇನ್ಸ್‌ಪೆಕ್ಟರ್ ದಿನಾ ಸಂಜೆ ಅವರ ಜೊತೆನೇ ಕೂತು ಚೆಸ್ ಆಡ್ತಾರೆ. ಇವತ್ತು ಇಲ್ಲಿ ಹೇಳಿದ್ದು ಇವತ್ತೇ ಅಲ್ಲಿಗೆ ಮುಟ್ಟುತ್ತೆ.”

ಊರಿನಲ್ಲಿ ಇನ್ಸ್‌ಪೆಕ್ಟರ ಜೊತೆ ಚೆಸ್ ಆಡುವವರು ಯಾರೆಂದು ವಿಮೆ ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದರೂ ಅವನ ಬಾಯಿಂದ ಬೇರೆ ಯಾವುದಾದರೂ ಹೆಸರು ಬರಲಿ ಎಂದು ಕಾದಳು.

“ನನ್ನನ್ನ ಬೈಯಿರಿ, ಹೊಡೀರಿ, ಏನಾದ್ರೂ ಮಾಡಿ,” ಎಂದ ಮೈದುನ. “ಇನ್ನೂ ನಾಲ್ಕು ದಿನ ಇಲ್ಲೇ ಇರ್ತೀನಿ, ಪರವಾಗಿಲ್ಲ. ಮೇಷ್ಟ್ರು ಬೇರೆ ಊರಿಂದ ದೊಡ್ಡ ಅಧಿಕಾರಿಗಳನ್ನ ಕರೆಸ್ತಾ ಇದ್ದಾರೆ. ಅಲ್ಲಿವರೆಗೆ ಅವರು ಬದುಕಿರೋ ವಿಷಯ ದೊಡ್ಡೋರ ಕಿವಿಗೆ ಮಾತ್ರ ಬೀಳಬಾರದು ಅತ್ತಿಗೆ. ಅವರಿಗೆ ಹೇಳಿಲ್ಲ ತಾನೇ?”

ಹೊರಗಡೆ ಇನ್ಸ್‌ಪೆಕ್ಟರ ಮೇಜಿನ ಮೇಲಿನ ಫೋನು ಸುಮ್ಮನೇ ಕೂತಿತ್ತು. ವಿಮೆ ಅಕ್ಕ ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡಳು.

“ಹೇಳಿದೆ ಕಣೋ,” ಎಂದಳು. “ನಾಳೆ ಬೆಳಿಗ್ಗೆ ಯಾವ ದಾರೀಲಿ ಬರ್ತಾರೆ ಅನ್ನೋದನ್ನೂ ಹೇಳಿಕೊಟ್ಟೆ.”